ಹನ್ನೆರಡನೆಯ ಸರ್ಟಿಫಿಕೇಟು

ನನ್ನ ಬಳಿ ಒಂದು ಕಾಲಕ್ಕೆ ಹನ್ನೊಂದು ಆನ್‌ಲೈನ್ ಸರ್ಟಿಫಿಕೇಟುಗಳಿದ್ದವು. ಹನ್ನೊಂದನ್ನೂ ನಾನೇ ಪ್ರಿಂಟ್ ತೆಗೆದು, ನಾನೇ ಲ್ಯಾಮಿನೇಷನ್ ಮಾಡಿ, ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದೆ. ಅದಕ್ಕೇನೂ ಕಷ್ಟಪಡಬೇಕಿರಲಿಲ್ಲ. ಅಫಜಲಪುರದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಆನ್‌ಲೈನ್ ಸೆಂಟರಿನಲ್ಲಿ ನಾನು ಕೆಲಸಕ್ಕಿದ್ದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಜೆರಾಕ್ಸ್, ಲ್ಯಾಮಿನೇಷನ್, ಇವೇ ನನ್ನ ದಿನದ ಕೆಲಸ. ಊರವರ ಮಾರ್ಕ್ಸ್ ಕಾರ್ಡುಗಳಿಗೆಲ್ಲ ಬಿಸಿ ಪ್ಲಾಸ್ಟಿಕ್ ಹೊದಿಸುತ್ತಿದ್ದ ಆ ಮೆಷೀನಿನಿಂದ ನನ್ನ ಹೆಸರಿನ ಕಾಗದ ಹೊರಬರುವುದನ್ನು ನೋಡುವಾಗ ಎದೆ ಉಬ್ಬುತ್ತಿತ್ತು.

ನಾನು ಹುಟ್ಟಿದ್ದು ಆಳಂದ ತಾಲೂಕಿನ ಮಟಕಿಯಲ್ಲಿ. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದವರು. ನಮ್ಮ ಓಣಿಯ ಬುದ್ಧವಿಹಾರದಲ್ಲಿ ಸಂಜೆ ಮಕ್ಕಳನ್ನು ಕೂಡಿಸಿ ಓದಿಸುತ್ತಿದ್ದರು. ಅಲ್ಲಿ ಓದುತ್ತಲೇ ಹತ್ತನೇ ತರಗತಿ ಮುಗಿಸಿ, ಆಳಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪಿ.ಯು.ಸಿ., ಬಿ.ಎಸ್ಸಿ. ಮಾಡಿದೆ. ರಸಾಯನಶಾಸ್ತ್ರ ನನ್ನ ವಿಷಯ. ಕಂಪ್ಯೂಟರಿಗೂ ನನಗೂ ಆಗ ಸಂಬಂಧವೇ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ವರ್ಷವೇ ಮದುವೆಯಾಗಿ ಅಫಜಲಪುರಕ್ಕೆ ಬಂದೆ. ಗಂಡ ಕರೆಂಟಿನ ಲೈನ್‌ಮನ್, ಗುತ್ತಿಗೆಯ ಮೇಲೆ. ಅತ್ತೆ ಅಂಗನವಾಡಿಯಲ್ಲಿ ಸಹಾಯಕಿ. ಮಗಳು ಹುಟ್ಟಿದಳು, ನಡೆದಳು, ಅಜ್ಜಿಯ ಸೆರಗು ಹಿಡಿದು ಅದೇ ಅಂಗನವಾಡಿಗೆ ಹೋಗತೊಡಗಿದಳು. ಆಮೇಲೆಯೇ ನಾನು ಸೆಂಟರಿಗೆ ಸೇರಿದ್ದು.

ಸೆಂಟರಿನ ಮಾಲೀಕರು ಅರವತ್ತು ದಾಟಿದ ಹಿರಿಯರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಹಿಂದೆ ಟೈಪಿಂಗ್ ಶಾಲೆ ನಡೆಸಿದವರು. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರ್ ಬಂದಾಗ ಬೋರ್ಡು ಬದಲಿಸಿದ್ದರು, ಅಷ್ಟೆ.

ಒಂದು ದಿನ ಮೊಬೈಲಿನಲ್ಲಿ ಜಾಹೀರಾತು ಕಂಡಿತು. ಮೂರೇ ತಿಂಗಳಲ್ಲಿ ಪ್ರೋಗ್ರಾಮರ್ ಆಗಿ, ಯಾವ ಡಿಗ್ರಿ ಇದ್ದರೂ ನಡೆಯುತ್ತದೆ, ಸರ್ಟಿಫಿಕೇಟು ಉಚಿತ. ಯಾವ ಡಿಗ್ರಿ ಇದ್ದರೂ ನಡೆಯುತ್ತದೆ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿತು. ಅಂದೇ ಸೇರಿದೆ, ಮೊದಲ ಕೋರ್ಸಿನ ಸರ್ಟಿಫಿಕೇಟು ನಾಲ್ಕೇ ದಿನಕ್ಕೆ ಕೈಗೆ ಬಂತು. ಬಂಗಾರದ ಬಣ್ಣದ ಅಂಚು, ನಡುವೆ ನನ್ನ ಹೆಸರು. ಅತ್ತೆ ಅದನ್ನು ಅಂಗನವಾಡಿಗೆ ಒಯ್ದು ಟೀಚರಿಗೆ ತೋರಿಸಿ ಬಂದರು. ಅಲ್ಲಿಂದ ಚಟ ಹತ್ತಿದ ಹಾಗಾಯಿತು. ಎರಡು, ಮೂರು, ಆರು, ಒಂಬತ್ತು. ಹನ್ನೊಂದಕ್ಕೆ ಬಂದಾಗ, ಇನ್ನು ಯಾರೂ ನನಗೆ ಕೆಲಸ ಇಲ್ಲ ಅನ್ನಲಾರರು ಎಂದುಕೊಂಡು ಕಲಬುರಗಿಯ ಒಂದು ಕಂಪನಿಗೆ ಅರ್ಜಿ ಹಾಕಿದೆ. ನೇರವಾಗಿ ಬಂದು ಭೇಟಿಯಾಗಬಹುದು ಎಂದು ಬರೆದಿದ್ದರು. ಹೋದೆ.

ಅಲ್ಲಿ ನನ್ನನ್ನು ಕೂಡಿಸಿಕೊಂಡವರು ನನ್ನ ವಯಸ್ಸಿನವರೇ. ಫೈಲನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಸಾವಕಾಶವಾಗಿ ತಿರುವಿದರು. ಆಮೇಲೆ ಒಂದು ಬಿಳಿ ಹಾಳೆ, ಪೆನ್ನು ನನ್ನ ಮುಂದಿಟ್ಟು, "ಒಂದು ಶಬ್ದ ಕೊಟ್ರ ಅದನ್ನ ಹಿಂದಮುಂದ ಮಾಡಿ ತೋರಿಸೋ ಪ್ರೋಗ್ರಾಂ ಬರೀರಿ ಮೇಡಂ. ಯಾವ ಭಾಷೆದಾಗ ಬೇಕಾದ್ರೂ ಬರೀರಿ. ಆರಾಮ ಟೈಂ ತಗೊಳ್ರಿ," ಎಂದರು.

ಪೆನ್ನು ಹಿಡಿದೆ. ಮೊದಲ ಸಾಲು ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ. ಕೋರ್ಸಿನ ಪಾಠದ ವಿಡಿಯೊದಲ್ಲಿ ಮಾಸ್ತರರು ಇದನ್ನೇ ಬರೆದು ತೋರಿಸಿದ್ದು ನೆನಪಿತ್ತು. ಅವರ ಅಂಗಿಯ ಬಣ್ಣ ನೆನಪಿತ್ತು, ಅವರು ಬರೆದದ್ದು ಮಾತ್ರ ನೆನಪಿಗೆ ಬರಲಿಲ್ಲ. ಕಾಲು ಗಂಟೆಯಾದ ಮೇಲೆ ಅವರೇ ಹಾಳೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಇಷ್ಟೆಲ್ಲ ಕಲ್ತೀರಿ ಮೇಡಂ. ಹಂಗಿದ್ರ ಇದು ಬರಬೇಕಲ್ರಿ?"

ಆ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ಕೊಂಕಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮೊದಲ ಸಲ ನನಗೆ ನಾನೇ ಒಪ್ಪಿಕೊಂಡೆ. ಆ ಪಾಠಗಳ ವಿಡಿಯೊಗಳನ್ನು ನಾನು ದುಪ್ಪಟ್ಟು ವೇಗದಲ್ಲಿ ಓಡಿಸಿ ನೋಡಿದ್ದೆ. ಪ್ರತಿ ಪಾಠದ ಕೊನೆಗೆ ನಾಲ್ಕು ಉತ್ತರಗಳಿರುವ ಪ್ರಶ್ನೆ ಬರುತ್ತಿತ್ತು. ತಪ್ಪಾದರೆ ಮತ್ತೆ ಒತ್ತಬಹುದು, ಎಷ್ಟು ಸಲ ಬೇಕಾದರೂ. ಮೊದಲನೆಯದು ಅಲ್ಲ, ಎರಡನೆಯದು ಅಲ್ಲ, ಮೂರನೆಯದು ಸರಿ. ಹಾಗೆ ಒತ್ತಿ ಒತ್ತಿಯೇ ಹನ್ನೊಂದು ಬಂಗಾರದ ಅಂಚಿನ ಕಾಗದ ಗಳಿಸಿದ್ದೆ. ಒಂದೇ ಒಂದು ಪ್ರೋಗ್ರಾಮನ್ನು ಬೇರೆಯವರದು ನೋಡದೆ ಮೊದಲಿನಿಂದ ಕೊನೆಯವರೆಗೆ ಬರೆದಿರಲಿಲ್ಲ.

ಮನೆಯಲ್ಲಿ ಅತ್ತೆ ಜೋಳ ಕೇರುತ್ತ ಕೂತಿದ್ದರು. ನನ್ನ ಮುಖ ನೋಡಿಯೇ ಮೊರ ಕೆಳಗಿಟ್ಟರು.

"ಏನಂದ್ರವ್ವಾ?"

"ಆಗಲಿಲ್ರೀ ಅತ್ತಿ."

"ಯಾಕ? ಅಷ್ಟು ಕಾಗಜ ಒಯ್ದಿದ್ದಿಯಲ್ಲ?"

"ಕಾಗಜ ಅದಾವ್ರಿ. ಕೆಲಸ ನನಗ ಬರೂದಿಲ್ಲ."

ಅವರು ನಾಲ್ಕನೇ ತರಗತಿಯವರೆಗೆ ಓದಿದವರು. ಆ ಕಾಗದಗಳಲ್ಲಿ ಇಂಗ್ಲಿಷಿನಲ್ಲಿ ಏನು ಬರೆದಿದೆಯೆಂದು ಓದಲು ಬಾರದಿದ್ದರೂ ಅವನ್ನು ಅಂಗನವಾಡಿಯಲ್ಲೆಲ್ಲ ತೋರಿಸಿ ಮೆರೆದವರು. ನನ್ನಿಂದ ಅವರಿಗೂ ಅವಮಾನವಾಯಿತು ಅನಿಸಿ ಕಣ್ಣು ತುಂಬಿತು. ಅವರು ಮತ್ತೆ ಮೊರ ಎತ್ತಿಕೊಂಡರು.

"ಬರೂದಿಲ್ಲ ಅಂದ್ರ ಕಲಿ. ಕಲೀಬ್ಯಾಡ ಅಂತ ಯಾರರ ಅಂದಾರೇನು? ಅಳೂದು ಬಿಟ್ಟು ಮಾರಿ ತೊಳ್ಕೊ, ಹೋಗು."

ಇನ್ನೊಂದು ಕೋರ್ಸು ಇತ್ತು. ಎರಡು ಸಲ ಸೇರಿ ಎರಡು ಸಲವೂ ಮೂರನೆಯ ವಾರಕ್ಕೆ ಕೈಬಿಟ್ಟಿದ್ದೆ. ಯಾಕೆಂದರೆ ಅದರಲ್ಲಿ ಒತ್ತಲು ನಾಲ್ಕು ಉತ್ತರಗಳಿರುತ್ತಿರಲಿಲ್ಲ. ಪ್ರತಿ ವಾರ ಪ್ರೋಗ್ರಾಂ ಬರೆದು ಕಳಿಸಬೇಕು. ಅದನ್ನು ಹತ್ತಾರು ರೀತಿಯಲ್ಲಿ ಓಡಿಸಿ ನೋಡುತ್ತಾರೆ. ಒಂದು ಕಡೆ ತಪ್ಪಿದರೂ ವಾಪಸು. ಕೊನೆಗೆ ಮೂರು ಗಂಟೆಯ ಪರೀಕ್ಷೆ, ಕ್ಯಾಮೆರಾದ ಮುಂದೆ. ಮೂರನೆಯ ಸಲ ಅದಕ್ಕೇ ಸೇರಿದೆ.

ನನಗೆ ಸಿಗುತ್ತಿದ್ದ ಬಿಡುವು ಮಧ್ಯಾಹ್ನ. ಬೇಸಿಗೆಯ ಅಫಜಲಪುರದಲ್ಲಿ ಒಂದರಿಂದ ನಾಲ್ಕರವರೆಗೆ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ. ಚಾಚಾ ಶಟರ್ ಅರ್ಧಕ್ಕೆ ಇಳಿಸಿ ಒಳಗಿನ ಬೆಂಚಿನ ಮೇಲೆ ಒರಗುತ್ತಿದ್ದರು. ನಾನು ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಈ ಸಲ ವಿಡಿಯೊ ನಿಧಾನವಾಗಿ ಓಡಿಸಿದೆ. ಮಾಸ್ತರರು ಬರೆಯುವುದಕ್ಕೆ ಮೊದಲೇ ನಿಲ್ಲಿಸಿ ನಾನು ಬರೆದು ನೋಡುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ಪರದೆಯ ಮೇಲೆ ಕೆಂಪು ಸಾಲುಗಳು ಬರುತ್ತಿದ್ದವು.

ಒಂದು ಮಧ್ಯಾಹ್ನ ಚಾಚಾ ಎದ್ದು ಬಂದು ನನ್ನ ಹೆಗಲ ಮೇಲಿಂದ ಇಣುಕಿದರು.

"ಏನ್ ಬೇಟೀ, ಕೆಂಪಗಾಗ್ಯದ? ಬೈಯಾಕತ್ತದೇನು?"

"ಹೌದ್ರಿ ಚಾಚಾ. ಒಂದು ತಾಸಿನಿಂದ ಬರೇ ಬೈಯೂದೇ ಆಗ್ಯದ."

"ಎಲ್ಲಿ ತಪ್ಪಾಗ್ಯದ ಅಂತ ಹೇಳ್ತದೋ, ಸುಮ್ನ ಬೈತದೋ?"

"ಎಷ್ಟನೇ ಸಾಲಿನ್ಯಾಗ ಅಂತ ಹೇಳ್ತದ್ರಿ."

"ಹಂಗಾದ್ರ ಭಲೇ ಉಸ್ತಾದ ಅದು. ನಮ್ಮ ಟೈಪಿಂಗ್ ಮಾಸ್ತರ್ ಬೆರಳಿಗಿ ಹೊಡೀತಿದ್ರು, ಯಾವ ಬೆರಳು ತಪ್ಪ್ಯದ ಅಂತ ಎಂದೂ ಹೇಳಲಿಲ್ಲ."

ಆ ಮಾತಿನ ಮೇಲೆ ಕೆಂಪು ಸಾಲುಗಳ ಹೆದರಿಕೆ ಹೋಯಿತು. ಬೈಗುಳವನ್ನು ಓದತೊಡಗಿದೆ. ಮೂರನೆಯ ವಾರ ದಾಟಿದೆ, ನಾಲ್ಕನೆಯದು ದಾಟಿದೆ. ಐದನೆಯ ವಾರದ ಮೊದಲ ಪ್ರೋಗ್ರಾಂ ಒಂದೇ ಸಲಕ್ಕೆ ಪಾಸಾದ ದಿನ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಮಲಗಿದ್ದ ಚಾಚಾ ಬೆಚ್ಚಿ ಎದ್ದು, ಗಿರಾಕಿ ಬಂದರೇನೋ ಎಂದು ಶಟರ್ ಎತ್ತಿದರು.

ಆ ದಿನಗಳಲ್ಲೇ ಗೊಬ್ಬೂರಿನ ರೈತರ ಒಂದು ಗುಂಪು ಸೆಂಟರಿಗೆ ಕೆಲಸ ತಂದಿತು. ತೊಗರಿ ಬೀಜ ಹಂಚುವುದಿತ್ತು. ಗುಂಪಿನ ಸದಸ್ಯರ ಪಟ್ಟಿ ಒಂದು, ಆಧಾರ್ ಪ್ರಕಾರದ ಹೆಸರುಗಳ ಪಟ್ಟಿ ಇನ್ನೊಂದು. ಎರಡರಲ್ಲೂ ಇದ್ದವರಿಗೆ ಮಾತ್ರ ಬೀಜ. ಎರಡೂ ಪಟ್ಟಿ ಇಂಗ್ಲಿಷ್ ಅಕ್ಷರಗಳಲ್ಲಿ. ನೂರಾರು ಹೆಸರುಗಳನ್ನು ಕಣ್ಣಿನಿಂದಲೇ ತಾಳೆ ನೋಡಬೇಕು.

ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದವರಿಗೆ ಗೊತ್ತು ಆ ಗೋಳು. ಹೆಸರಿನ ಕೊನೆಯ ‘ಅಪ್ಪ’ನಿಗೆ ಒಬ್ಬರು ಒಂದು ‘ಪಿ’ ಹಾಕುತ್ತಾರೆ, ಒಬ್ಬರು ಎರಡು. ‘ಬಾಯಿ’ಗೆ ಒಬ್ಬರು ‘ವೈ’ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ. ‘ಶ’ ಬರುವಲ್ಲಿ ‘ಎಚ್’ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಬರೆಯುವವರು ಅವಸರದಲ್ಲಿ ಕೈಗೆ ಬಂದಂತೆ ಬರೆದಿರುತ್ತಾರೆ. ಹಾಗೆ ಬರೆದವರಲ್ಲಿ ನಾನೂ ಒಬ್ಬಳು. ಆದರೆ ಆ ಒಂದು ಅಕ್ಷರಕ್ಕೆ ಮನುಷ್ಯರು ಪಟ್ಟಿಯಿಂದ ಆಚೆ ಬೀಳುತ್ತಾರೆ.

ಹಾಗೆ ಬಿದ್ದಿದ್ದ ಒಬ್ಬ ಮುದುಕಿ ಬಸ್ಸು ಹಿಡಿದು ನಮ್ಮಲ್ಲಿಗೇ ಬಂದಳು. ಹಿಂದಿನ ಎರಡು ಹಂಗಾಮಿನಲ್ಲೂ ಆಕೆಗೆ ಬೀಜ ಸಿಕ್ಕಿರಲಿಲ್ಲ.

"ನಾ ಇಲ್ಲೇ ಕುಂತೀನಿ ನೋಡು ಯವ್ವಾ, ಜೀವಂತ. ನಿಮ್ಮ ಡಬ್ಬ್ಯಾಗ ನಾ ಇಲ್ಲ ಅಂತಾರ. ನಾ ಎಲ್ಲಿ ಹೋಗೀನಿ ಜರಾ ಹುಡುಕು," ಎಂದು ಕೌಂಟರಿನ ಮೇಲೆ ಎರಡೂ ಕೈ ಊರಿದಳು.

ಹುಡುಕಿದೆ. ಅರ್ಧ ಗಂಟೆಯ ಮೇಲೆ ಆಕೆ ಸಿಕ್ಕಳು, ಪಟ್ಟಿಯ ಬೇರೆಯೇ ಮೂಲೆಯಲ್ಲಿ, ಒಂದು ‘ವೈ’ ಹೆಚ್ಚಾಗಿ. ಆಕೆ ಹೋದ ಮೇಲೆ ಕೂತು ಯೋಚಿಸಿದೆ. ಹೆಸರನ್ನು ಅಕ್ಷರ ಅಕ್ಷರ ಹೋಲಿಸುವ ಬದಲು ಬಾಯಲ್ಲಿ ಅದು ಹೇಗೆ ಕೇಳುತ್ತದೆಂದು ಹೋಲಿಸಿದರೆ? ಆ ವಾರದ ಪಾಠವೇ ಅಕ್ಷರಗಳ ಸಾಲನ್ನು ಒಡೆದು, ಬದಲಿಸಿ, ಮತ್ತೆ ಜೋಡಿಸುವುದರ ಬಗ್ಗೆ ಇತ್ತು. ಜೋಡಿ ಅಕ್ಷರವಿದ್ದರೆ ಒಂದು ಮಾಡು. ‘ಎಚ್’ ಇದ್ದರೆ ತೆಗೆ. ‘ವೈ’ಯನ್ನೂ ‘ಐ’ಯನ್ನೂ ಒಂದೇ ಎಂದು ತಿಳಿ. ಹೀಗೆ ಎರಡೂ ಪಟ್ಟಿಯ ಹೆಸರುಗಳನ್ನು ಸೋಸಿ, ಉಳಿದದ್ದನ್ನು ಹೋಲಿಸು. ನಾಲ್ಕು ಮಧ್ಯಾಹ್ನ ಹಿಡಿಯಿತು. ಯಾರೂ ಕೊಟ್ಟಿರದ ಪ್ರಶ್ನೆಗೆ ನಾನು ಬರೆದ ಮೊದಲ ಪ್ರೋಗ್ರಾಂ ಅದು.

ಓಡಿಸಿದೆ. ಚಾಚಾ ಕನ್ನಡಕ ಏರಿಸಿಕೊಂಡು ಪಕ್ಕ ನಿಂತಿದ್ದರು. ಕಣ್ಣು ಮಿಟುಕಿಸುವುದರೊಳಗೆ ಪರದೆಯ ತುಂಬ ಜೋಡಿಗಳು. ಆಚೆ ಬಿದ್ದಿದ್ದ ಎಪ್ಪತ್ತಕ್ಕೂ ಹೆಚ್ಚು ಜನ ಒಮ್ಮೆಗೇ ಒಳಗೆ ಬಂದಿದ್ದರು.

"ಇದು ನೀ ಮಾಡಿದ್ದಾ?"

"ನಾನೇರಿ ಚಾಚಾ."

"ಮಾಶಾ ಅಲ್ಲಾ," ಎಂದು ಚಾಚಾ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. "ಹದಿನೈದು ದಿನದ ಕೆಲಸ ಹೇಳಿದ್ದೆ ನಾ ಅವರಿಗಿ."

ಪಟ್ಟಿ ಗೊಬ್ಬೂರಿಗೆ ಹೋಯಿತು. ಮೂರನೆಯ ದಿನಕ್ಕೆ ಅದೇ ಮುದುಕಿ ಮತ್ತೆ ಕೌಂಟರಿನ ಮುಂದೆ. ಈ ಸಲ ಜೊತೆಗೆ ಆಕೆಯ ನೆಗೆಣ್ಣಿ, ಮೈದುನನ ಹೆಂಡತಿಯೂ ಇದ್ದಳು.

"ನಾ ಬಂದೀನಿ ಖರೇ. ಆದರ ಈಕಿನ್ನ ನುಂಗಿಬಿಟ್ಟೀಯಲ್ಲ ಯವ್ವಾ!"

ನೋಡಿದೆ. ಇಬ್ಬರ ಹೆಸರಿನಲ್ಲೂ ಒಂದೇ ಒಂದು ಅಕ್ಷರದ ವ್ಯತ್ಯಾಸ, ಮನೆತನ ಒಂದೇ, ಊರು ಒಂದೇ. ನನ್ನ ಪ್ರೋಗ್ರಾಂ ಇಬ್ಬರನ್ನೂ ಸೋಸಿ ಒಬ್ಬಳನ್ನಾಗಿ ಮಾಡಿತ್ತು. ಬೆವರು ಬಂತು. ಬೀಜ ಹಂಚುವುದಕ್ಕೆ ಇನ್ನೂ ಎರಡು ದಿನವಿತ್ತೆಂಬುದೇ ಪುಣ್ಯ. ಬೇರೆ ಯಾರನ್ನು ನುಂಗಿದ್ದೇನೋ ಎಂದು ಕೂತು ಎಲ್ಲವನ್ನೂ ಮತ್ತೆ ನೋಡಿದೆ. ಇನ್ನೂ ಐದು ಜನ ಸಿಕ್ಕರು. ಗುಂಪಿನ ಮುಖ್ಯಸ್ಥರಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ಆಮೇಲೆ ಪ್ರೋಗ್ರಾಮನ್ನು ತಿದ್ದಿದೆ. ಒಂದೇ ತರಹ ಕೇಳುವ ಹೆಸರು ಸಿಕ್ಕರೆ ಸೇರಿಸಿಬಿಡಬೇಡ, ಗಂಡನ ಅಥವಾ ತಂದೆಯ ಹೆಸರು, ಹೊಲದ ಸರ್ವೆ ನಂಬರು ನೋಡು, ಆಗಲೂ ಅನುಮಾನವಿದ್ದರೆ ಬೇರೆ ಬಣ್ಣದಲ್ಲಿ ತೋರಿಸು, ಮನುಷ್ಯರು ನೋಡಿ ಹೇಳಲಿ. ನೆಗೆಣ್ಣಿಯರಿಬ್ಬರೂ ಬೀಜ ಒಯ್ದರು. ಆ ಹಂಗಾಮಿನಲ್ಲಿ ಯಾರೂ ಆಚೆ ಉಳಿಯಲಿಲ್ಲ.

ಕೋರ್ಸಿನ ಪರೀಕ್ಷೆ ಬಂತು. ಅದರ ನಿಯಮಗಳು ಕಠಿಣ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಕ್ಯಾಮೆರಾ ತಿರುಗಿಸಿ ನಾಲ್ಕೂ ಗೋಡೆ ತೋರಿಸಬೇಕು. ಇನ್ನೊಬ್ಬರ ದನಿ ಕೇಳಿದರೆ ಎಚ್ಚರಿಕೆ, ಮೂರು ಎಚ್ಚರಿಕೆಯಾದರೆ ಪರೀಕ್ಷೆಯೇ ರದ್ದು. ಸೆಂಟರಿನಲ್ಲಿ ಅದು ಆಗದ ಮಾತು. ಚಾಚಾ ತಮ್ಮ ಲ್ಯಾಪ್‌ಟಾಪು ಮನೆಗೆ ಕೊಟ್ಟು ಕಳಿಸಿದರು. ಗಂಡ ತನ್ನ ಲೆಕ್ಕ ಹಾಕಿ, "ಮಂಗಳವಾರ ನಮ್ಮ ಲೈನಿನ್ಯಾಗ ರಿಪೇರಿ ಅದ, ಬುಧವಾರ ಹತ್ತರಿಂದ ಒಂದರ ತನಕ ಹಿಡಿ, ಕರೆಂಟ್ ಹೋಗೂದಿಲ್ಲ," ಎಂದ. ಅವನ ಕೆಲಸ ನನ್ನ ಪರೀಕ್ಷೆಗೆ ಹೀಗೆ ಉಪಯೋಗಕ್ಕೆ ಬಂದೀತೆಂದು ಇಬ್ಬರೂ ಎಣಿಸಿರಲಿಲ್ಲ.

ಅತ್ತೆ ಅಂಗನವಾಡಿಗೆ ರಜೆ ಹಾಕಿ, ಮೊಮ್ಮಗಳನ್ನು ಪಕ್ಕದ ಮನೆಗೆ ಬಿಟ್ಟು, ಬಾಗಿಲ ಹೊರಗೆ ಕಾವಲಿಗೆ ಕೂತರು. ಮೊದಲ ಒಂದು ಗಂಟೆ ಸುಸೂತ್ರವಾಗಿ ಹೋಯಿತು. ಎರಡನೆಯ ಪ್ರಶ್ನೆಯ ನಡುವಿದ್ದಾಗ ಓಣಿಯ ತುದಿಯಲ್ಲಿ ತರಕಾರಿ ಗಾಡಿಯವನ ಕೂಗು ಕೇಳಿತು. ಅದು ಹತ್ತಿರವಾಗುತ್ತಿತ್ತು. ಆಮೇಲೆ ಅದಕ್ಕಿಂತ ದೊಡ್ಡದಾಗಿ ನಮ್ಮ ಬಾಗಿಲಲ್ಲೇ ಗರ್ಜನೆ:

"ಏ, ಬಾಯಿ ಮುಚ್ಚಲೇ! ನಮ್ಮ ಸೊಸಿ ಪರೀಕ್ಷಾ ಬರೆಯಾಕತ್ತಾಳ!"

ಪರದೆಯ ಮೇಲೆ ಹಳದಿ ಪಟ್ಟಿ ಮೂಡಿತು. ಇನ್ನೊಬ್ಬರ ದನಿ ಕೇಳಿಬಂದಿದೆ, ಇದು ಮೊದಲನೆಯ ಎಚ್ಚರಿಕೆ. ಬಾಯಿ ಬಿಟ್ಟು ಅತ್ತೆಗೆ ಸುಮ್ಮನಿರಿ ಎಂದು ಹೇಳುವ ಹಾಗೂ ಇಲ್ಲ. ಪರದೆಯಿಂದ ಕಣ್ಣು ತೆಗೆಯದೆ ಬರೆಯುತ್ತ ಹೋದೆ. ಗಾಡಿಯವನು ಪಾಪ ಬಾಯಿ ಮುಚ್ಚಿಕೊಂಡು ಗಾಡಿ ತಳ್ಳಿಕೊಂಡು ಹೋದ. ಅತ್ತೆಯದೂ ಮತ್ತೆ ದನಿಯಿಲ್ಲ. ಕೊನೆಯ ಪ್ರಶ್ನೆಯಲ್ಲಿ ಎರಡು ಕೋಷ್ಟಕಗಳನ್ನು ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದವುಗಳನ್ನು ಹುಡುಕುವುದಿತ್ತು. ಗೊಬ್ಬೂರಿನ ಪಟ್ಟಿಗಳೊಡನೆ ಎಷ್ಟೋ ಮಧ್ಯಾಹ್ನ ಕುಸ್ತಿ ಆಡಿದ್ದವಳಿಗೆ ಆ ಪ್ರಶ್ನೆ ನೋಡಿ ನಗು ಬಂತು. ಇಪ್ಪತ್ತು ನಿಮಿಷ ಉಳಿದಿರುವಾಗಲೇ ಮುಗಿಸಿದೆ.

ಪಾಸಾದ ಸುದ್ದಿ ಬಂದದ್ದು ಹತ್ತು ದಿನದ ಮೇಲೆ. ಆ ಸರ್ಟಿಫಿಕೇಟಿಗೆ ಬಂಗಾರದ ಅಂಚೂ ಇರಲಿಲ್ಲ, ಏನೂ ಇರಲಿಲ್ಲ. ಹೆಸರು, ಅಂಕ, ಕೆಳಗೆ ಒಂದು ಸಂಖ್ಯೆ. ಅದನ್ನು ಲ್ಯಾಮಿನೇಷನ್ ಮಾಡಲಿಲ್ಲ. ಮಾಡಬೇಕು ಅನಿಸಲಿಲ್ಲ.

ಕಲಬುರಗಿಯಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದು ಒಬ್ಬ ಪ್ರೋಗ್ರಾಮರ್ ಬೇಕೆಂದು ಜಾಹೀರಾತು ಹಾಕಿತ್ತು. ಕಂಪ್ಯೂಟರ್ ಪದವಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು ಎಂದಿತ್ತು. ಈ ಸಲ ಅರ್ಜಿಯಲ್ಲಿ ಹನ್ನೊಂದನ್ನು ಬಿಟ್ಟು ಒಂದನ್ನೇ ಬರೆದೆ. ಅದರ ಕೆಳಗೆ ಗೊಬ್ಬೂರಿನ ಪಟ್ಟಿಯ ಕತೆಯನ್ನು ನಾಲ್ಕು ಸಾಲಿನಲ್ಲಿ ಬರೆದೆ. ವಾರದೊಳಗೆ ಕರೆ ಬಂತು.

ಎರಡು ಕೋಣೆಯ ಆಫೀಸು. ನನ್ನೆದುರು ಕೂತವರು ಐವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ದುಪಟ್ಟಾ, ಮಾತು ಅಚ್ಚ ಕಲಬುರಗಿಯದು. ಕಂಪನಿ ಕಟ್ಟಿದವರೇ ಅವರು.

"ನೋಡ್ರಿ, ಖರೇ ಹೇಳ್ತೇನಿ," ಎಂದರು. "ನಿಮ್ಮದು ಕೆಮಿಸ್ಟ್ರಿ. ಮ್ಯಾಲ ಆರು ವರ್ಷ ಗ್ಯಾಪ್. ಆ ಪರೀಕ್ಷಾ ಪಾಸಾಗಿದ್ದು ಇರದಿದ್ರ ನಿಮ್ಮ ಅರ್ಜಿ ನಾ ತೆರೀತಿದ್ದಿಲ್ಲ. ಅದು ಕ್ಯಾಮೆರಾದ ಮುಂದ ಕುಂತು ಬರಿಯೋದು, ನನಗ ಗೊತ್ತದ. ಆ ನಂಬರ್ ಹಾಕಿ ಚೆಕ್ ಮಾಡೀನಿ. ಬಾಗಿಲ ತನಕ ಅದು ನಿಮ್ಮನ್ನ ತಂದದ. ಈಗ ಕೆಲಸದ ಮಾತಾಡೂಣು. ಗೊಬ್ಬೂರಿನ ಪ್ರೋಗ್ರಾಂ ತೋರಿಸ್ರಿ."

ಚಾಚಾನ ಲ್ಯಾಪ್‌ಟಾಪು ತೆರೆದು ತೋರಿಸಿದೆ. ಅವರು ಸಾಲು ಸಾಲಾಗಿ ಓದಿದರು. ಅಲ್ಲಲ್ಲಿ ನಿಲ್ಲಿಸಿ ಇದು ಯಾಕೆ, ಅದು ಯಾಕೆ ಎಂದು ಕೇಳಿದರು. ಒಂದು ಕಡೆ ಇನ್ನೂ ಸುಲಭವಾಗಿ ಬರೆಯಬಹುದಿತ್ತೆಂದು ತೋರಿಸಿಕೊಟ್ಟರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಎಲ್ಲಿ ತಪ್ಪ್ಯದ?"

ಒಂದು ಕ್ಷಣ ಅಳುಕಿದೆ. ತಪ್ಪಿಲ್ಲ ಎನ್ನುವುದು ಸುಲಭವಿತ್ತು. ಆದರೆ ನೆಗೆಣ್ಣಿಯರ ಕತೆ ಹೇಳಿದೆ, ಇದ್ದದ್ದು ಇದ್ದ ಹಾಗೆ. ಒಬ್ಬಳನ್ನು ಹುಡುಕಲು ಹೋಗಿ ಇನ್ನೊಬ್ಬಳನ್ನು ನುಂಗಿದ್ದು, ಬೆವರಿದ್ದು, ಫೋನ್ ಮಾಡಿ ಒಪ್ಪಿಕೊಂಡದ್ದು, ತಿದ್ದಿದ್ದು. ‘ನುಂಗಿಬಿಟ್ಟೀಯಲ್ಲ ಯವ್ವಾ’ ಎನ್ನುವಲ್ಲಿ ಅವರು ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು.

"ಬೀಜದ್ದು ನಡೀತದ. ಆಸ್ಪತ್ರೆದಾಗ ಇಬ್ಬರನ್ನ ಒಬ್ಬರನ್ನ ಮಾಡಿದ್ರ ಏನಾಗ್ತದ ಹೇಳ್ರಿ?"

"ಒಬ್ಬರ ಗುಳಿಗಿ ಇನ್ನೊಬ್ಬರಿಗಿ ಹೋಗ್ತದ್ರಿ. ಜೀವಕ್ಕ ಬರ್ತದ. ಅದಕ್ಕ ಪ್ರೋಗ್ರಾಂ ತಾನೇ ತೀರ್ಮಾನ ಮಾಡಬಾರದ್ರಿ. ಇವರೇ ಅವರೇನು ಅಂತ ಕೇಳಬೇಕು, ಅಷ್ಟೇ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಇದನ್ನೇ ನಾ ಹತ್ತು ಮಂದಿಗಿ ಕೇಳೀನಿ. ಎಲ್ಲಾರೂ ಪ್ರೋಗ್ರಾಂ ಹೆಂಗ ಜಲ್ದಿ ಓಡಿಸಬೇಕು ಅಂತೇ ಹೇಳಿದ್ರು. ಸೋಮವಾರದಿಂದ ಬರ್ರಿ."

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. ಹೇಳಿದೆ. ಆ ಕಡೆಯಿಂದ ಮಾತೇ ಇಲ್ಲ. ಫೋನ್ ಕಟ್ಟಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಅವರು ಫೋನನ್ನು ಕಿವಿಯಿಂದ ತೆಗೆದು ಓಣಿಗೆಲ್ಲ ಕೂಗಿ ಹೇಳುತ್ತಿರುವುದು ಕೇಳಿಸಿತು. ಚಾಚಾ ಆ ಸಂಜೆ ಸೆಂಟರಿಗೆ ಬಂದ ಗಿರಾಕಿಗಳಿಗೆಲ್ಲ ಪೇಢೆ ಹಂಚಿದರಂತೆ. ಮಟಕಿಯಲ್ಲಿ ಅವ್ವ ಅಪ್ಪನನ್ನು ಕರೆದುಕೊಂಡು ಬುದ್ಧವಿಹಾರಕ್ಕೆ ಹೋಗಿ, ಅಲ್ಲಿ ಓದುತ್ತ ಕೂತಿದ್ದ ಮಕ್ಕಳ ಮುಂದೆ ನಿಂತು ನನ್ನ ಸುದ್ದಿ ಹೇಳಿದಳಂತೆ. ಅವ್ವ ನಾಲ್ಕು ಜನರೆದುರು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

ವಾರಕ್ಕೆ ಎರಡು ದಿನ ಕಲಬುರಗಿ, ಉಳಿದ ದಿನ ಮನೆಯಿಂದಲೇ ಕೆಲಸ. ಮೊದಲ ತಿಂಗಳುಗಳು ಕಷ್ಟದವೇ. ಬೇರೆಯವರು ಬರೆದ ಸಾವಿರಾರು ಸಾಲುಗಳಲ್ಲಿ ದಾರಿ ತಪ್ಪುತ್ತಿದ್ದೆ. ಯಾವ ಕೋರ್ಸೂ ಅದನ್ನು ಹೇಳಿಕೊಟ್ಟಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ಮೊದಲ ಸಾಲಿನಿಂದ ಶುರುಮಾಡುವುದು ಆ ಮಧ್ಯಾಹ್ನಗಳಲ್ಲಿ ರೂಢಿಯಾಗಿತ್ತು.

ಐದನೆಯ ತಿಂಗಳು, ನಾನು ಬರೆದ, ರೋಗಿಗಳ ಹಳೆಯ ದಾಖಲೆ ಹುಡುಕುವ ಭಾಗವನ್ನು ಮೊದಲ ಸಲ ಜೇವರ್ಗಿಯ ಒಂದು ಆಸ್ಪತ್ರೆಯಲ್ಲಿ ಶುರುಮಾಡುವುದಿತ್ತು. ಅಲ್ಲಿಯ ಹಳೆಯ ದಾಖಲೆಗಳನ್ನು ಮೊದಲೇ ಕಂಪ್ಯೂಟರಿಗೆ ತುಂಬಿಸಿದ್ದೆವು. ಬೆಳಗಿನ ಬಸ್ಸಿಗೆ ಕಲಬುರಗಿಯಿಂದ ಭೀಮಾ ಹೊಳೆ ದಾಟಿ ನಾನೂ ಕಂಪನಿ ಕಟ್ಟಿದ ನಮ್ಮ ಮೇಡಮ್ಮೂ ಹೋದೆವು. ಸೋಮವಾರ, ಹೊರರೋಗಿಗಳ ಸಾಲು ಗೇಟಿನವರೆಗೆ ಬೆಳೆದಿತ್ತು. ಕೌಂಟರಿನ ಸಿಸ್ಟರ್ ಕೈ ಮುಗಿದು, "ಮೇಡಂ, ಇವತ್ತು ಬ್ಯಾಡ್ರಿ, ಭಾಳ ಮಂದಿ ಅದಾರ. ಹಳೇ ಚೀಟಿ ಹುಡುಕಾಕ ಒಬ್ಬೊಬ್ಬರಿಗಿ ಹತ್ತು ನಿಮಿಷ ಹಿಡಿತದ," ಎಂದರು. ಮೇಡಂ ನನ್ನ ಕಡೆ ನೋಡಿದರು. "ಇವತ್ತೇ ಮಾಡೂಣ್ರಿ ಸಿಸ್ಟರ್. ನಾ ನಿಮ್ಮ ಬಾಜೂನೇ ಕುಂದ್ರತೇನಿ," ಎಂದೆ.

ಮೊದಲಿಗೆ ಬಂದವರು ಒಬ್ಬ ಅಜ್ಜ. ಹಳೆಯ ಚೀಟಿ ಕಳೆದುಹೋಗಿತ್ತು. ಸಿಸ್ಟರ್ ಹೆಸರನ್ನು ತಮಗೆ ತೋಚಿದ ಹಾಗೆ ಒತ್ತಿದರು. ಪರದೆಯ ಮೇಲೆ ಮೂವರು ಮೂಡಿದರು, ಕನ್ನಡದಲ್ಲೇ, ಊರು, ವಯಸ್ಸು, ತಂದೆಯ ಹೆಸರಿನ ಜೊತೆ. ಮೇಲೆ ಒಂದು ಪ್ರಶ್ನೆ: ‘ಇವರಲ್ಲಿ ಯಾರು?’ ಸಿಸ್ಟರ್ ಅಜ್ಜನಿಗೆ ಓದಿ ಹೇಳಿದರು.

"ಎರಡನೇದ್ದು ನಂದೇ ನೋಡವ್ವಾ," ಎಂದ ಅಜ್ಜ. "ಮೊದಲನೇದ್ದು ನಮ್ಮ ಕಾಕಾನ ಮಗಂದು. ಅವಗ ಸಕ್ಕರಿ ರೋಗ, ನನಗ ಬಿ.ಪಿ. ನಮ್ಮಿಬ್ಬರನ್ನ ಕೂಡಿಸಬ್ಯಾಡ."

ಕೂಡಿಸಲಿಲ್ಲ. ಅಜ್ಜನ ಹಳೆಯ ಗುಳಿಗೆಗಳ ಪಟ್ಟಿ ಒಂದು ಒತ್ತಿಗೆ ಹೊರಬಂತು. ಸಿಸ್ಟರ್ ನನ್ನ ಕಡೆ ತಿರುಗಿ ಹುಬ್ಬೇರಿಸಿದರು, ಮುಂದಿನವರನ್ನು ಕರೆದರು. ಆಮೇಲೆ ಅವರ ಬೆರಳುಗಳು ನಿಲ್ಲಲಿಲ್ಲ. ಹನ್ನೊಂದೂವರೆಗೆ ಸಾಲು ಗೇಟಿನಿಂದ ಬಾಗಿಲಿಗೆ ಬಂತು. ಎರಡು ಸಲ ಪ್ರೋಗ್ರಾಂ ತಡವರಿಸಿತು. ಒಮ್ಮೆ ವಯಸ್ಸು ಬರೆಯದೆ ಇದ್ದದ್ದಕ್ಕೆ, ಒಮ್ಮೆ ನನ್ನದೇ ತಪ್ಪಿಗೆ. ಅಲ್ಲೇ ಕೂತು ತಿದ್ದಿದೆ. ಒಂದು ಗಂಟೆಗೆ ಕೌಂಟರಿನ ಮುಂದೆ ಯಾರೂ ಇರಲಿಲ್ಲ.

"ಸೋಮವಾರ ಒಂದಕ್ಕ ಸಾಲು ಮುಗಿದದ್ದು ನಾ ಇಲ್ಲಿಗಿ ಬಂದಮ್ಯಾಲ ನೋಡಿಲ್ರಿ," ಎಂದು ಸಿಸ್ಟರ್ ಒಳಗಿದ್ದ ಡಾಕ್ಟರರನ್ನು ಕರೆತಂದರು. ಡಾಕ್ಟರು ಖಾಲಿ ಬೆಂಚುಗಳನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, "ಯಾರು ಬರೆದದ್ದು ಇದು?" ಎಂದರು.

ನಮ್ಮ ಮೇಡಂ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ನಾನ್ರಿ."